ರಾತ್ರಿ ಎಂಟರ ಡೋಸು ಯಾರದು?

ರಾಜ್ಯದ ಆಸ್ಪತ್ರೆಗಳ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ,

ಈ ಪತ್ರವನ್ನು ಆರೋಗ್ಯ ಸೌಧಕ್ಕೆ ಬರೆಯಬಹುದಿತ್ತು. ಬರೆದರೆ ಅಲ್ಲಿಂದ ಒಂದು ಸುತ್ತೋಲೆ ಹೊರಡುತ್ತದೆ, ಜಿಲ್ಲೆಗೆ ಬರುತ್ತದೆ, ನಿಮ್ಮ ಟೇಬಲ್ಲಿಗೂ ಬರುತ್ತದೆ, ನೀವು ಸಹಿ ಹಾಕಿ ಫೈಲಿಗೆ ಸೇರಿಸುತ್ತೀರಿ. ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ನಿಮ್ಮ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಏನು ನಡೆಯಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವವರು ಮಂತ್ರಿಗಳೂ ಅಲ್ಲ, ಡೈರೆಕ್ಟರೂ ಅಲ್ಲ. ನೀವು. ಹೆರಿಗೆ ವಾರ್ಡಿನಲ್ಲೂ ಮೆಡಿಸಿನ್ ವಾರ್ಡಿನಲ್ಲೂ ನಿಮ್ಮದೇ ಕುರ್ಚಿಯಲ್ಲಿ ಕೂತು ನಿವೃತ್ತಳಾದವಳು ನಾನು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಓವರ್ ಕೊಡುವುದರಲ್ಲಿ ಒಂದು ಭಾಗವನ್ನು ನಾವು ಚಾಚೂ ತಪ್ಪದೆ ಮಾಡುತ್ತೇವೆ. ಬಿಪಿ ಆಪರೇಟಸ್ ಎರಡು, ಥರ್ಮಾಮೀಟರ್ ನಾಲ್ಕು, ಗ್ಲೂಕೋಮೀಟರ್ ಒಂದು, ಆಂಬು ಬ್ಯಾಗ್ ಒಂದು, ಆಕ್ಸಿಜನ್ ಸಿಲಿಂಡರ್ ತುಂಬಿದ್ದು ಎರಡು, ಖಾಲಿ ಒಂದು, ಸಿಲಿಂಡರ್ ಕೀ, ಕತ್ತರಿ, ಕಿಡ್ನಿ ಟ್ರೇ, ಬೆಡ್‌ಶೀಟು ಇಷ್ಟು, ಮಾರ್ಫಿನ್ ಆಂಪೂಲ್ ಇಷ್ಟು, ಅದರ ಖಾಲಿ ಆಂಪೂಲ್ ಇಷ್ಟು. ಇನ್ವೆಂಟರಿ ಬುಕ್ಕಿನಲ್ಲಿ ಕೊಟ್ಟವರ ಸಹಿ, ತಗೊಂಡವರ ಸಹಿ. ಥರ್ಮಾಮೀಟರ್ ಒಂದು ಕಮ್ಮಿ ಬಂದರೆ ಸಿಗುವವರೆಗೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಬಾಡಿಗೆ ಮನೆ ಖಾಲಿ ಮಾಡಿಸುವ ಮಾಲೀಕ ಫ್ಯಾನು, ಬಲ್ಬು ಎಣಿಸುವಷ್ಟು ನಿಷ್ಠೆಯಿಂದ ಎಣಿಸುತ್ತೇವೆ. ಕಾರಣ ಎಲ್ಲರಿಗೂ ಗೊತ್ತಿದೆ. ವಸ್ತು ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ. ಮಾಹಿತಿ ಕಳೆದರೆ ಅದು ಯಾರ ಪಾಳಿಯಲ್ಲಿ ಕಳೆಯಿತು ಎನ್ನುವುದೇ ತಿಳಿಯುವುದಿಲ್ಲ, ಇನ್ನು ಹಿಡಿಯುವುದು ಯಾರ ಸಂಬಳದಲ್ಲಿ?

ಎಣಿಕೆ ಮುಗಿಯುವ ಹೊತ್ತಿಗೆ ಎಂಟೂಕಾಲು. ಹೊರಡುವವರಿಗೆ ಬಸ್ಸಿನ ಚಿಂತೆ, ಬಂದವರಿಗೆ ಇಂಜೆಕ್ಷನ್ ಟ್ರೇ ಚಿಂತೆ. ಉಳಿದ ಐದು ನಿಮಿಷದಲ್ಲಿ ಮೂವತ್ತು ರೋಗಿಗಳು. ನಿಂತಲ್ಲೇ ಕೇಸ್ ಶೀಟು ಮಗುಚುತ್ತಾ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಹೂಂ ಹೂಂ ಎನ್ನುತ್ತಾರೆ. ನಾನು ಹೇಳಬೇಕಾದದ್ದು ಇಷ್ಟೇ: ಈ ಸರದಿಯನ್ನು ತಿರುಗಿಸಿ. ಮೊದಲು ರೋಗಿಗಳು, ಆಮೇಲೆ ಸಾಮಾನು. ಮತ್ತು ಹೂಂ ಎನ್ನುವವರ ಬಾಯಿ ಬಿಡಿಸಿ.

ಹೆರಿಗೆ ವಾರ್ಡಿನ ಒಂದು ಬೆಡ್ಡಿನಿಂದಲೇ ನೋಡೋಣ, ನನಗೆ ಚೆನ್ನಾಗಿ ಗೊತ್ತಿರುವ ಜಾಗ ಅದು. ಚೊಚ್ಚಲ ಬಸುರಿ, 36 ವಾರ, ಬಿಪಿ 170/110 ಎಂದು ಮಧ್ಯಾಹ್ನ ತಾಲ್ಲೂಕಿನಿಂದ ರೆಫರ್ ಆಗಿ ಬಂದಿದ್ದಾಳೆ. ಫಿಟ್ಸ್ ಬರಬಾರದೆಂದು ಮ್ಯಾಗ್‌ಸಲ್ಫ್ ಶುರು ಮಾಡಿದ್ದಾರೆ. ಲೋಡಿಂಗ್ ಡೋಸು ನಾಲ್ಕು ಗಂಟೆಗೆ: 4 ಗ್ರಾಂ ನಿಧಾನವಾಗಿ ಐವಿ, 10 ಗ್ರಾಂ ಐಎಂ, ಎರಡೂ ಕಡೆ ಐದೈದು. ಅಲ್ಲಿಂದ ಮುಂದೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಒಮ್ಮೆ ಬಲಗಡೆ, ಒಮ್ಮೆ ಎಡಗಡೆ. ನಾಲ್ಕಕ್ಕೆ ನಾಲ್ಕು ಸೇರಿಸಿ ನೋಡಿ. ಮುಂದಿನ ಡೋಸು ಬರುವುದು ರಾತ್ರಿ ಎಂಟಕ್ಕೆ. ಅದಾದ ಮೇಲೆ ಹನ್ನೆರಡು, ಬೆಳಗಿನ ಜಾವ ನಾಲ್ಕು, ಮತ್ತೆ ಬೆಳಗ್ಗೆ ಎಂಟು. ಎರಡು ಡೋಸು ಕರಾರುವಾಕ್ಕಾಗಿ ಪಾಳಿ ಬದಲಾಗುವ ಗಳಿಗೆಗೇ ಬಂದು ಕೂರುತ್ತವೆ.

ಈಗ ಓವರ್ ಕೇಳಿ:

“ನಾಲ್ಕನೇ ಬೆಡ್ಡು ಪಿಐಎಚ್, ಮ್ಯಾಗ್‌ಸಲ್ಫ್ ನಡೀತಿದೆ, ಬಿಪಿ ನೋಡ್ಕೊಳ್ಳಿ, ಡಾಕ್ಟರಿಗೆ ಹೇಳಿದೀನಿ. ಐದನೇ ಬೆಡ್ಡು ಸಿಸೇರಿಯನ್ ಮೂರನೇ ದಿನ, ಸೇಮ್. ಆರು ಡಿಸ್‌ಚಾರ್ಜು...”

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಎಂಟರ ಡೋಸು ಕೊಟ್ಟಾಯಿತೋ ಇಲ್ಲವೋ? ಹೋಗುವವರು ಬರುವವರು ಕೊಡುತ್ತಾರೆ ಎಂದುಕೊಂಡರೆ ಡೋಸು ತಪ್ಪಿತು. ಹೋಗುವವರು ಏಳೂಮುಕ್ಕಾಲಿಗೆ ಕೊಟ್ಟು, ಗಡಿಬಿಡಿಯಲ್ಲಿ ಶೀಟಿನಲ್ಲಿ ಬರೆಯುವುದನ್ನು ಬಿಟ್ಟು, ಬಂದವರು ಖಾಲಿ ಅಂಕಣ ನೋಡಿ ಮತ್ತೆ ಐದು ಆಂಪೂಲು ಒಡೆದರೆ ಎರಡು ಸಲ ಕೊಟ್ಟಂತಾಯಿತು. ಮ್ಯಾಗ್ನೀಸಿಯಂ ಮೂತ್ರದಲ್ಲಿ ಹೊರಹೋಗಬೇಕು. ಮೂತ್ರ ಕಮ್ಮಿಯಾದರೆ ಅದು ರಕ್ತದಲ್ಲೇ ಏರುತ್ತದೆ. ಏರಿದಾಗ ಮೊದಲು ನೀ ಜರ್ಕ್ ಹೋಗುತ್ತದೆ, ಇನ್ನೂ ಏರಿದರೆ ಉಸಿರಾಟ. ಅದಕ್ಕೇ ಪ್ರತಿ ಡೋಸಿಗೆ ಮುಂಚೆ ಮೂರು ನೋಡುವುದು: ಮಂಡಿ ತಟ್ಟಿದರೆ ಕಾಲು ಒದೆಯುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಮ್ಮಿ ಇಲ್ಲವಷ್ಟೇ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬರುತ್ತಿದೆಯೇ. “ನಡೀತಿದೆ” ಎಂಬ ಒಂದು ಮಾತಿನೊಳಗೆ ಇವು ಮೂರೂ ಮುಳುಗಿಹೋದವು.

ಅದೇ ಬೆಡ್ಡಿನ ಓವರ್ ಹೀಗೂ ಕೊಡಬಹುದು, ಬೆಡ್ಡಿನ ಪಕ್ಕದಲ್ಲೇ ನಿಂತು:

“ನಾಲ್ಕನೇ ಬೆಡ್ಡು, ಸೀರಿಯಸ್. ಚೊಚ್ಚಲು, 36 ವಾರ, ಬಂದಾಗ ಬಿಪಿ 170/110, ಏಳೂವರೆಗೆ 150/100. ಮ್ಯಾಗ್‌ಸಲ್ಫ್ ಲೋಡಿಂಗ್ ನಾಲ್ಕಕ್ಕೆ ಆಗಿದೆ. ಎಂಟರ ಡೋಸು ಕೊಟ್ಟಿಲ್ಲ, ಬಲಗಡೆ ಕೊಡಬೇಕು. ಯೂರೋಬ್ಯಾಗಿನಲ್ಲಿ ನಾಲ್ಕು ಗಂಟೆಯಲ್ಲಿ ಒಟ್ಟು 160. ನೀ ಜರ್ಕ್ ಇದೆ, ಉಸಿರು 18. ಅರ್ಧ ಗಂಟೆ ಹಿಂದೆ ಕಣ್ಣು ಮಂಜು ಅಂದಳು. ಡ್ಯೂಟಿ ಮೇಡಂಗೆ ಫೋನ್ ಮಾಡಿದೆ, ಓಟಿಯಲ್ಲಿದ್ದಾರೆ, ಇನ್ನೂ ಬಂದು ನೋಡಿಲ್ಲ. ಜರ್ಕ್ ಸಿಗದಿದ್ದರೆ, ಯೂರಿನ್ 30ಕ್ಕಿಂತ ಇಳಿದರೆ ಡೋಸು ತಡೆದು ಫೋನ್ ಮಾಡಿ. ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇನಲ್ಲಿ ಇಟ್ಟಿದೀನಿ.”

“ಎಂಟರ ಡೋಸು ಬಾಕಿ, ಬಲಗಡೆ. ಯೂರಿನ್ ಗಂಟೆಗೆ 40. ಕಣ್ಣು ಮಂಜು ಅಂದಿದಾಳೆ, ಮೇಡಂ ನೋಡಿಲ್ಲ, ನಾನು ಮತ್ತೆ ಫೋನ್ ಮಾಡಬೇಕು. ಸರಿ ತಾನೆ?”

ಬಾಯಿಬಿಟ್ಟು ಓದಿ ನೋಡಿ, ಒಂದು ನಿಮಿಷದ ಆಚೀಚೆ ಆಗುತ್ತದೆ. ಇದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಕೊನೆಯಲ್ಲಿ ಬಂದವಳು ಆಡಿದ ಮಾತು. “ಡಾಕ್ಟರಿಗೆ ಹೇಳಿದೀನಿ” ಎಂಬುದು ನಮ್ಮ ವಾರ್ಡುಗಳ ಅತ್ಯಂತ ಅಪಾಯದ ವಾಕ್ಯ. ಯಾರಿಗೆ ಹೇಳಿದ್ದು, ಎಷ್ಟು ಹೊತ್ತಿಗೆ, ಅವರು ಏನೆಂದರು, ಬಂದು ನೋಡಿದರೇ ಎಂಬ ನಾಲ್ಕೂ ಇಲ್ಲದೆ ಆ ವಾಕ್ಯವನ್ನು ಒಪ್ಪಿಕೊಳ್ಳಬಾರದು. ಕಣ್ಣು ಮಂಜಾಗುವುದು, ತಡೆಯಲಾರದ ತಲೆನೋವು, ಎದೆಗುಂಡಿಗೆಯ ಕೆಳಗೆ ನೋವು, ಇವೆಲ್ಲ ಫಿಟ್ಸ್ ಹೊಸ್ತಿಲಲ್ಲಿದೆ ಎನ್ನುವ ಗುರುತುಗಳು. ಹೇಳಿದ ಸಿಸ್ಟರ್ ಮನೆಗೆ ಹೋದ ಮೇಲೆ ಆ ಫೋನ್ ಕರೆಗೆ ವಾರಸುದಾರರಿಲ್ಲ. ಡಾಕ್ಟರು ಸಿಸ್ಟರ್ ಮತ್ತೆ ಕರೆಯುತ್ತಾರೆ ಎಂದುಕೊಂಡಿರುತ್ತಾರೆ, ಹೊಸ ಸಿಸ್ಟರ್ ಡಾಕ್ಟರು ನೋಡಿಹೋಗಿದ್ದಾರೆ ಎಂದುಕೊಂಡಿರುತ್ತಾರೆ.

ಇನ್ನು ಎಂಟರ ಡೋಸು ಯಾರದು ಎಂಬುದಕ್ಕೆ ನನ್ನ ಉತ್ತರ: ಇಬ್ಬರದೂ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಮ್ಯಾಗ್‌ಸಲ್ಫ್, ಇಂಥವನ್ನು ಇಬ್ಬರು ನೋಡಿ ಕೊಡಬೇಕು ಎಂದು ಪುಸ್ತಕದಲ್ಲಿ ಓದಿದ್ದೇವೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ವಾರ್ಡಿನಲ್ಲಿ ಆ ಎರಡನೆಯವರನ್ನು ಎಲ್ಲಿಂದ ತರುವುದು? ಇಡೀ ರಾತ್ರಿಯಲ್ಲಿ ಒಂದು ಬೆಡ್ಡಿನ ಪಕ್ಕ ಇಬ್ಬರು ನರ್ಸ್‌ಗಳು ನಿಲ್ಲುವ ಹೊತ್ತು ಇದೊಂದೇ. ಬಂದವರು ಸಿರಿಂಜಿಗೆ ಎಳೆದುಕೊಳ್ಳಲಿ, ಹೋಗುವವರು ಆಂಪೂಲು ನೋಡಲಿ, ಶೀಟಿನಲ್ಲಿ ಇಬ್ಬರೂ ಸಹಿ ಮಾಡಲಿ. ಪಾಳಿ ಬದಲಾಗುವ ಹೊತ್ತಿನ ಡೋಸನ್ನು ನಾವು ಪೀಡೆ ಎಂದುಕೊಂಡಿದ್ದೇವೆ. ಒಂಟಿ ಸಿಸ್ಟರಿನ ರಾತ್ರಿಯಲ್ಲಿ ಅದು ಅನುಕೂಲವೇ.

ಬಾಯಿಮಾತಿನ ಓವರ್ ಎಷ್ಟು ಸೋರುತ್ತದೆ ಎಂದು ಬ್ರಿಟನ್ನಿನಲ್ಲಿ ಕೆಲವರು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗ ಅದು. 12 ಕಲ್ಪಿತ ರೋಗಿಗಳ ವಿವರಗಳನ್ನು ಒಬ್ಬರಿಂದ ಒಬ್ಬರಿಗೆ ಒಂದರ ಹಿಂದೊಂದು ಐದು ಸಲ ದಾಟಿಸಿದರು. ಬರೀ ಬಾಯಲ್ಲಿ ದಾಟಿಸಿದಾಗ ಐದನೆಯವರ ಹತ್ತಿರ ಉಳಿದದ್ದು ನೂರಕ್ಕೆ 2.5ರಷ್ಟು. ಕೇಳುತ್ತಾ ಬರೆದುಕೊಂಡಾಗ 85.5. ಮೊದಲೇ ಅಚ್ಚು ಹಾಕಿದ ಹಾಳೆ ಕೈಯಲ್ಲಿದ್ದಾಗ ಹತ್ತಿರ ಹತ್ತಿರ 99. ಪ್ರಯೋಗ ಚಿಕ್ಕದು, ರೋಗಿಗಳು ನಿಜವಾದವರಲ್ಲ, ಒಪ್ಪುತ್ತೇನೆ. ಆದರೆ ಐದು ಪಾಳಿ ಅಂದರೆ ನಮ್ಮಲ್ಲಿ ಎರಡು ದಿನವೂ ಪೂರ್ತಿ ಆಗುವುದಿಲ್ಲ. ಸೋಮವಾರ ಬೆಳಗ್ಗೆ ಒಬ್ಬಾಕೆ ಕಂಡದ್ದು ಮಂಗಳವಾರ ರಾತ್ರಿಯ ಸಿಸ್ಟರಿಗೆ ಬರೀ ಬಾಯಲ್ಲಿ ತಲುಪುತ್ತದೆ ಎಂಬ ಭರವಸೆಯನ್ನು ಈ ಲೆಕ್ಕ ನೋಡಿದ ಮೇಲೆ ಇಟ್ಟುಕೊಳ್ಳಲಾಗದು.

ನಿಮ್ಮಲ್ಲಿ ಹಲವರಿಗೆ ಎಸ್‌ಬಾರ್ ಗೊತ್ತು. ಈಗ ಹೇಗಿದ್ದಾರೆ, ಹಿನ್ನೆಲೆ ಏನು, ನನಗೇನು ಅನಿಸುತ್ತಿದೆ, ಏನು ಮಾಡಬೇಕು, ಹೀಗೆ ನಾಲ್ಕು ಮೆಟ್ಟಿಲು. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿದ್ದ ಮಾತಿನ ಕ್ರಮ ಇದು. ಈ ಶತಮಾನದ ಮೊದಲ ವರ್ಷಗಳಲ್ಲಿ ಕೊಲರಾಡೋದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯಲ್ಲಿ ಡಾ. ಮೈಕೆಲ್ ಲೆನಾರ್ಡ್ ಮತ್ತು ಸಂಗಡಿಗರು ಅದನ್ನು ವಾರ್ಡಿಗೆ ಒಗ್ಗಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಿ ಸುರಕ್ಷತೆಗೆ ಒಂಬತ್ತು ಪರಿಹಾರಗಳನ್ನು ಪಟ್ಟಿ ಮಾಡಿದಾಗ ಓವರ್ ಕೊಡುವ ಕ್ರಮವೂ ಅದರಲ್ಲೊಂದಾಗಿತ್ತು, ಎಸ್‌ಬಾರ್ ಹೆಸರೂ ಅಲ್ಲಿತ್ತು. ರಾತ್ರಿ ಎರಡಕ್ಕೆ ಡಾಕ್ಟರಿಗೆ ಫೋನ್ ಮಾಡುವ ಸಿಸ್ಟರಿಗೆ ಇದಕ್ಕಿಂತ ಒಳ್ಳೆಯ ಆಯುಧ ಇಲ್ಲ. “ಸಾರ್, ಪೇಶೆಂಟ್ ಯಾಕೋ ಸರಿಯಿಲ್ಲ” ಎಂದರೆ ಬೈಸಿಕೊಳ್ಳುತ್ತೇವೆ. ಬಿಪಿ ಇಷ್ಟಿತ್ತು, ಈಗ ಇಷ್ಟಾಗಿದೆ, ಒಳಗೆ ಬ್ಲೀಡಿಂಗ್ ಇರಬಹುದು ಅನಿಸುತ್ತಿದೆ, ನೀವು ಬಂದು ನೋಡಬೇಕು ಎಂದರೆ ಬರುತ್ತಾರೆ.

ಆದರೆ ಪಾಳಿ ಬದಲಾಗುವಾಗ ಮೂವತ್ತು ಜನರನ್ನು ಒಪ್ಪಿಸುವುದಕ್ಕೆ ಎಸ್‌ಬಾರ್ ಅಷ್ಟು ಚೆನ್ನಾಗಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಒಬ್ಬ ರೋಗಿಯ ಒಂದು ತೊಂದರೆಯನ್ನು ಮೇಲಿನವರಿಗೆ ಮುಟ್ಟಿಸಲು ಹುಟ್ಟಿದ್ದು. ಅದಕ್ಕಿಂತ ಐ-ಪಾಸ್ ಎಂಬ ಇನ್ನೊಂದು ಕ್ರಮ ನಮ್ಮ ಕೆಲಸಕ್ಕೆ ಹತ್ತಿರ. ಮೊದಲು ಎಷ್ಟು ಸೀರಿಯಸ್ ಎಂಬುದು, ಆಮೇಲೆ ರೋಗಿಯ ಕಥೆ ಚುಟುಕಾಗಿ, ಬಾಕಿ ಕೆಲಸಗಳು, ಹೀಗಾದರೆ ಏನು ಮಾಡುವುದು ಎಂಬ ಮುನ್ಸೂಚನೆ, ಕೊನೆಗೆ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳುವುದು. ಮೇಲಿನ ನಾಲ್ಕನೇ ಬೆಡ್ಡಿನ ಓವರ್ ಈ ಕ್ರಮದಲ್ಲೇ ಇದೆ. ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಇದನ್ನು ಜಾರಿಗೆ ತಂದು, 10,740 ದಾಖಲಾತಿಗಳನ್ನು ನೋಡಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ತಪ್ಪುಗಳು ನೂರಕ್ಕೆ 23ರಷ್ಟು ಕಡಿಮೆಯಾಗಿದ್ದವು. ತಪ್ಪಿಸಬಹುದಾಗಿದ್ದ ಹಾನಿ ನೂರಕ್ಕೆ 30ರಷ್ಟು ಇಳಿದಿತ್ತು. ಅಲ್ಲಿ ಓವರ್ ಕೊಟ್ಟವರು ರೆಸಿಡೆಂಟ್ ಡಾಕ್ಟರುಗಳು, ನರ್ಸ್‌ಗಳಲ್ಲ ಎಂಬುದನ್ನೂ ಹೇಳಿಬಿಡಬೇಕು. ಸಮಯ ಜಾಸ್ತಿ ಹಿಡಿಯಿತೇ? ರೋಗಿಗೆ 2.4 ನಿಮಿಷ ಇದ್ದದ್ದು 2.5 ಆಯಿತು, ಅಷ್ಟೇ.

ಇಲ್ಲಿ ನೀವು ನಗುತ್ತೀರಿ ಎಂದು ಗೊತ್ತು. ರೋಗಿಗೆ ಎರಡೂವರೆ ನಿಮಿಷ! 35 ರೋಗಿಗಳಿಗೆ ಲೆಕ್ಕ ಹಾಕಿದರೆ ಒಂದೂವರೆ ಗಂಟೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ವಾರ್ಡಿಗೆ ಮೂವರು ರೋಗಿಗಳಿಗೊಬ್ಬರು, ಬೇರೆ ಆಸ್ಪತ್ರೆಗೆ ಐವರಿಗೊಬ್ಬರು ನರ್ಸ್ ಇರಬೇಕು. ಅಷ್ಟು ಜನ ಇದ್ದಿದ್ದರೆ ಈ ಪತ್ರದ ಅರ್ಧ ಬೇಕಿರಲಿಲ್ಲ. ಇಲ್ಲ. ಬರುವವರೆಗೆ ಕಾಯುತ್ತಾ ಕೂರಲೂ ಆಗುವುದಿಲ್ಲ. ಹಾಗಾಗಿ ಎಲ್ಲ ಬೆಡ್ಡಿಗೂ ಒಂದೇ ಅಳತೆ ಹಾಕಬೇಡಿ. 35ರಲ್ಲಿ ಆ ರಾತ್ರಿ ನಿಜವಾಗಿ ಭಯ ಇರುವವರು ಐದಾರು ಜನ. ಅವರು ಯಾರು ಎಂದು ಪಾಳಿ ಮುಗಿಸುವ ಸಿಸ್ಟರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಆರು ಬೆಡ್ಡಿಗೆ ಮೂರು ಮೂರು ನಿಮಿಷ, ಬೆಡ್ಡಿನ ಹತ್ತಿರವೇ ಹೋಗಿ. ಉಳಿದ 29ಕ್ಕೆ ಅರ್ಧರ್ಧ ನಿಮಿಷ, ಹಾಳೆ ನೋಡಿಕೊಂಡು. ಒಟ್ಟು ಅರ್ಧ ಗಂಟೆ ಚಿಲ್ಲರೆ. ಒಂದನೇ ಬೆಡ್ಡಿನಿಂದ ಶುರು ಮಾಡಿ 35ರವರೆಗೆ ಸಾಲಾಗಿ ಹೇಳಿಕೊಂಡು ಹೋಗುವ ಅಭ್ಯಾಸವನ್ನು ದಯವಿಟ್ಟು ಕೈಬಿಡಿ. ಆ ಸಾಲಿನಲ್ಲಿ 31ನೇ ಬೆಡ್ಡಿನ ಜಿಬಿ ಸಿಂಡ್ರೋಮಿನ ಹುಡುಗನ ಸರದಿ ಬರುವ ಹೊತ್ತಿಗೆ ಹೇಳುವವರಿಗೆ ಸಾಕಾಗಿರುತ್ತದೆ, ಕೇಳುವವರಿಗೆ ಗಮನ ಹೋಗಿರುತ್ತದೆ. ಉಸಿರಾಟದ ಸ್ನಾಯು ಯಾವಾಗ ಸೋಲುತ್ತದೋ ಎಂದು ಕಾಯಬೇಕಾದ ಕೇಸು ಅದು.

ಬಾಯಿ ಬಿಡಿಸುವ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಓವರ್ ತಗೊಳ್ಳುವವರು ಬಹಳ ಸಲ ಚಿಕ್ಕವರು. ಹೊರಗುತ್ತಿಗೆಯಲ್ಲಿ ಬಂದ ಹುಡುಗಿ, ಆರು ತಿಂಗಳ ಹಿಂದೆ ಜಿಎನ್‌ಎಂ ಮುಗಿಸಿದ ಹುಡುಗ. ಕೊಡುವವರು ಇಪ್ಪತ್ತು ವರ್ಷ ಸರ್ವಿಸಿನವರು. ಆ ಹುಡುಗಿ “ಸಿಸ್ಟರ್, ಕೊನೆ ಡೋಸು ಎಷ್ಟು ಹೊತ್ತಿಗೆ?” ಎಂದು ಕೇಳಿದರೆ ಕೆಲವು ವಾರ್ಡುಗಳಲ್ಲಿ ಬರುವ ಉತ್ತರ ಏನು ಎಂದು ನನಗೂ ಗೊತ್ತು, ನಿಮಗೂ ಗೊತ್ತು. “ಶೀಟ್ ನೋಡೋಕೆ ಬರಲ್ವಾ?” ಅಲ್ಲಿಗೆ ಆಕೆ ಮುಂದಿನ ಒಂದು ವರ್ಷ ಏನೂ ಕೇಳುವುದಿಲ್ಲ. ತಿರುಗಿ ಹೇಳುವುದು ವಾರ್ಡಿನ ನಿಯಮವೇ ಆಗಿಬಿಟ್ಟರೆ ಅಲ್ಲಿ ಧೈರ್ಯದ ಪ್ರಶ್ನೆ ಬರುವುದಿಲ್ಲ. ಚಿಕ್ಕವಳು ಹಿರಿಯಳನ್ನು ಪ್ರಶ್ನಿಸಿದಂತಾಗುವುದಿಲ್ಲ, ಇಬ್ಬರೂ ನಿಯಮ ಪಾಲಿಸಿದಂತಾಗುತ್ತದೆ. ಕ್ರಮಬದ್ಧ ಓವರಿನ ನಿಜವಾದ ಲಾಭ ಇದೇ ಎಂದು ನನಗನಿಸುತ್ತದೆ. ನೆನಪಿಗೆ ಅನುಕೂಲ ಎನ್ನುವುದು ಅದರ ಅರ್ಧ ಮಾತ್ರ. ಆದರೆ ಇದು ಮೇಲಿನಿಂದ ಶುರುವಾಗಬೇಕು. ನೀವು ಇನ್‌ಚಾರ್ಜ್ ಆಗಿ ಓವರ್ ತಗೊಳ್ಳುವ ದಿನ, ಕೊಟ್ಟವರು ಕಿರಿಯರಾಗಿದ್ದರೂ, ನೀವೇ ಬಾಯಿಬಿಟ್ಟು ತಿರುಗಿ ಹೇಳಿ. ಒಂದು ವಾರ ಹಾಗೆ ಮಾಡಿದರೆ ಯಾರಿಗೂ ಭಾಷಣ ಮಾಡಬೇಕಿಲ್ಲ.

ಸ್ಟೂಡೆಂಟ್ಸ್ ಕೈಯಲ್ಲಿ ಓವರ್ ಕೊಡಿಸುವುದನ್ನು ನಿಲ್ಲಿಸಿ. ಇದಕ್ಕೆ ಕಾರಣ ಬರೆಯುವ ಅಗತ್ಯ ಇಲ್ಲ.

ಬೆಡ್ಡಿನ ಹತ್ತಿರ ಎಂದೆ. ಅಲ್ಲಿಗೆ ಹೋದರೆ ಶೀಟಿನಲ್ಲಿ ಇಲ್ಲದ್ದು ಕಣ್ಣಿಗೆ ಬೀಳುತ್ತದೆ: ಕ್ಯಾನುಲಾ ಹಾಕಿದ ಜಾಗ ಊದಿದೆ, ಇನ್‌ಫ್ಯೂಶನ್ ಪಂಪು ಹೇಳಿದ ರೇಟಿಗಿಂತ ಬೇರೆ ರೇಟಿನಲ್ಲಿದೆ, ಡ್ರೈನ್ ಟ್ಯೂಬು ಮಡಚಿಕೊಂಡಿದೆ, ಬೆನ್ನಿನ ಅಡಿ ಚರ್ಮ ಕೆಂಪಾಗಿದೆ. ಇನ್ನೊಂದೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಮೂರೂ ಪಾಳಿ ನೋಡಿದ ಒಬ್ಬರು ಇರುತ್ತಾರೆ. ನರ್ಸ್ ಬದಲಾಗುತ್ತಾರೆ, ಡ್ಯೂಟಿ ಡಾಕ್ಟರ್ ಬದಲಾಗುತ್ತಾರೆ. ಬೆಡ್ಡಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ ತಾಯಿಯೋ ಹೆಂಡತಿಯೋ ಬದಲಾಗುವುದಿಲ್ಲ. “ಇಲ್ರಿ ಸಿಸ್ಟರ್, ಸಂಜಿ ಸೂಜಿ ಮಾಡೇ ಇಲ್ಲ” ಎಂದು ಆಕೆ ನಡುವೆ ಬಾಯಿ ಹಾಕಿದರೆ ನಾವು ಸುಮ್ಮನಿರಿ ಎಂದು ಗದರುತ್ತೇವೆ. ಗದರಬೇಡಿ, ಶೀಟು ತೆಗೆದು ನೋಡಿ. ಆಕೆ ಹೇಳಿದ್ದು ಹತ್ತರಲ್ಲಿ ಎಷ್ಟೋ ಸಲ ತಪ್ಪಿರಬಹುದು. ಸರಿಯಿದ್ದ ಆ ಒಂದು ಸಲ ಸಾಕು.

ಬೆಡ್ಡಿನ ಹತ್ತಿರ ಹೇಳಬಾರದ್ದೂ ಇದೆ. ಎಚ್‌ಐವಿ ಇರುವ ರೋಗಿಯ ವಿಷಯವನ್ನು “ರೆಟ್ರೋ ಪಾಸಿಟಿವ್” ಎಂದು ಪಕ್ಕದ ಬೆಡ್ಡಿಗೂ ಕೇಳುವಂತೆ ಕೂಗುವುದನ್ನು ಕೇಳಿದ್ದೇನೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಅದನ್ನು ಬಹಿರಂಗಪಡಿಸುವಂತಿಲ್ಲ. ಕೋಡ್ ವರ್ಡ್ ಹಾಕಿದರೆ ತಪ್ಪು ಕಮ್ಮಿಯಾಗುವುದಿಲ್ಲ, ಆ ಕೋಡು ಈಗ ಆಯಾಗಳಿಗೂ ಗೊತ್ತು. ಕ್ಯಾನ್ಸರ್ ಎಂದು ಮನೆಯವರು ರೋಗಿಗೆ ಇನ್ನೂ ಹೇಳಿರದ ಪ್ರಸಂಗಗಳಿವೆ. ಅಂಥವನ್ನು ಸ್ಟೇಷನ್ನಿನಲ್ಲೇ ಹಾಳೆ ತೋರಿಸಿ ಮುಗಿಸಿ, ಆಮೇಲೆ ಬೆಡ್ಡಿಗೆ ಹೋಗಿ. ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಓವರ್ ಬಗ್ಗೆಯೂ ಇದೇ ಮಾತು. ಆ ಗುಂಪಿನಲ್ಲಿ ವರ್ಗವಾಗಿ ಹೋದವರು ಎಷ್ಟು ಜನ ಇನ್ನೂ ಇದ್ದಾರೆ, ಒಮ್ಮೆ ತೆಗೆದು ನೋಡಿ.

ಭಾಷೆಯ ವಿಷಯ ಸೂಕ್ಷ್ಮ, ಆದರೂ ಬಿಡಲಾಗದು. ಬೆಂಗಳೂರು, ಮಂಗಳೂರಿನ ಖಾಸಗಿ ಆಸ್ಪತ್ರೆಗಳ ಪಾಳಿಗಳು ಬಹುಪಾಲು ಮಲಯಾಳಿ ಹೆಣ್ಣುಮಕ್ಕಳ ಮೇಲೆ ನಿಂತಿವೆ, ಈಗ ಈಶಾನ್ಯ ರಾಜ್ಯಗಳವರೂ ಸೇರಿದ್ದಾರೆ. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. 2021ರ ಜೂನ್‌ನಲ್ಲಿ ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆ ನರ್ಸ್‌ಗಳು ಮಲಯಾಳಂ ಮಾತಾಡಕೂಡದು ಎಂದು ಆದೇಶ ಹೊರಡಿಸಿ, ಗದ್ದಲವಾದ ಮೇಲೆ ಹಿಂದಕ್ಕೆ ಪಡೆಯಿತು. ಹಾಗೆ ಆದೇಶ ಹೊರಡಿಸುವುದು ದಡ್ಡತನ. ಊಟದ ಹೊತ್ತಿನಲ್ಲಿ ಅವರು ಯಾವ ಭಾಷೆಯಲ್ಲಾದರೂ ಮಾತಾಡಿಕೊಳ್ಳಲಿ. ಓವರ್ ಮಾತ್ರ ಆ ಹೊತ್ತಿಗೆ ನಿಂತಿರುವ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಆಗಬೇಕು. ಇಬ್ಬರು ಮಲಯಾಳಿಗಳ ನಡುವೆ ಒಬ್ಬ ಮಣಿಪುರದ ಹುಡುಗಿ ನಿಂತಿದ್ದರೆ ಇಂಗ್ಲಿಷಿನಲ್ಲಿ. ಇದಕ್ಕಿಂತ ದೊಡ್ಡ ಸೋರಿಕೆ ಬೇರೆಡೆ ಆಗುತ್ತಿದೆ. “ಕಣ್ಣ ಮುಂದ ಮಂಜ ಮಂಜ ಆಗ್ತೈತ್ರಿ” ಎಂದ ಹೆಣ್ಣುಮಗಳ ಮಾತು ಅರ್ಥವಾಗದ ಸಿಸ್ಟರ್ “ನೋ ಕಂಪ್ಲೇಂಟ್ಸ್” ಎಂದು ಬರೆದರೆ, ಮುಂದೆ ಎಷ್ಟೇ ಚೆಂದದ ಕ್ರಮದಲ್ಲಿ ಓವರ್ ಕೊಟ್ಟರೂ ದಾಟುವುದು ಆ ಎರಡು ಶಬ್ದಗಳೇ. ಇದು ಕನ್ನಡದ ನರ್ಸ್‌ಗಳಿಗೂ ಅನ್ವಯಿಸುತ್ತದೆ; ಮೈಸೂರಿನವಳಿಗೆ ಕಲಬುರಗಿಯ ಸಂಕಟ ಒಂದೇ ಏಟಿಗೆ ತಿಳಿಯುವುದಿಲ್ಲ. ರೋಗಿ ಏನೆಂದರೋ ಅದನ್ನೇ, ಅವರ ಮಾತಿನಲ್ಲೇ, ಕನ್ನಡ ಅಕ್ಷರದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಅರ್ಥ ಗೊತ್ತಿರುವ ಯಾರಾದರೂ ಮುಂದಿನ ಪಾಳಿಯಲ್ಲಿ ಇರುತ್ತಾರೆ.

ಹಾಳೆ ಎಂದೊಡನೆ ನೀವು ಬೆಚ್ಚಿಬೀಳುವುದು ಸಹಜ. ಎನ್‌ಎಬಿಎಚ್ ಮಾನ್ಯತೆ ಇರುವ ಕಡೆ ಈಗಾಗಲೇ ಹ್ಯಾಂಡ್‌ಓವರ್ ಫಾರಂ ಇದೆ. ಅದು ಹೇಗೆ ತುಂಬುತ್ತದೆ ಎಂದೂ ಗೊತ್ತಿದೆ: ಪಾಳಿ ಮುಗಿಯಲು ಒಂದು ಗಂಟೆ ಇರುವಾಗಲೇ ಎಲ್ಲ ಚೌಕಕ್ಕೂ ಟಿಕ್ಕು. ತಪಾಸಣೆಯವರು ಬರುವ ವಾರ ಹಿಂದಿನ ತಿಂಗಳಿನ ಖಾಲಿ ಚೌಕಗಳಿಗೂ ಟಿಕ್ಕು, ಬೇರೆ ಬೇರೆ ಪೆನ್ನಿನಲ್ಲಿ! ಎರಡು ಪುಟದ ಫಾರಂ ಕೊಟ್ಟರೆ ಹೀಗೇ ಆಗುವುದು, ಅದರಲ್ಲಿ ಸಿಸ್ಟರ್‌ಗಳ ತಪ್ಪೇನೂ ಇಲ್ಲ. ಜಗಳವಾಡಿಯಾದರೂ ಅದನ್ನು ಅರ್ಧ ಪುಟಕ್ಕೆ ಇಳಿಸಿ. ಬೆಡ್ ನಂಬರು, ಹೆಸರು, ಸೀರಿಯಸ್ ಹೌದೇ ಅಲ್ಲವೇ, ಬಾಕಿ ಇರುವ ಕೆಲಸ, ಮುಂದಿನ ಡೋಸಿನ ಹೊತ್ತು, ಹೀಗಾದರೆ ಹೀಗೆ ಮಾಡಿ, ಡಾಕ್ಟರಿಗೆ ಹೇಳಿದ್ದು ಬಂದದ್ದು. ಟಿಕ್ ಹಾಕುವ ಚೌಕ ಒಂದೂ ಬೇಡ. ಚೌಕ ಇದ್ದರೆ ಕೈ ತಾನಾಗಿ ಟಿಕ್ ಹಾಕುತ್ತದೆ, ಖಾಲಿ ಗೆರೆ ಇದ್ದರೆ ಏನಾದರೂ ಬರೆಯಲೇಬೇಕು. ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ನರ್ಸ್ ಇಲ್ಲದ ಹೊತ್ತಿನಲ್ಲಿ ಆಕೆಯ ಕೆಲಸ ಹೇಗೆ ನಡೆಯಬೇಕು ಎಂಬುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಮೇ 12ಕ್ಕೆ ದೀಪ ಹಚ್ಚಿ ಪ್ರತಿಜ್ಞೆ ಮಾಡುವ ನಮ್ಮಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದ್ದೇವೋ.

ಕೊನೆಗೆ ಸಮಯದ ಪ್ರಶ್ನೆ. ಡ್ಯೂಟಿ ಪಟ್ಟಿಯಲ್ಲಿ ಒಂದು ಪಾಳಿ ಎಂಟಕ್ಕೆ ಮುಗಿಯುತ್ತದೆ, ಇನ್ನೊಂದು ಎಂಟಕ್ಕೇ ಶುರುವಾಗುತ್ತದೆ. ಅಂದರೆ ಕಾಗದದ ಮೇಲೆ ಓವರ್‌ಗೆ ಸೊನ್ನೆ ನಿಮಿಷ. ಎಂಟಕ್ಕೆ ಸರಿಯಾಗಿ ಬಯೋಮೆಟ್ರಿಕ್ ಮುಂದೆ ಸಾಲು ನಿಂತು ಹೆಬ್ಬೆಟ್ಟು ಒತ್ತಿ ಮೇಲೆ ಬರುವಷ್ಟರಲ್ಲಿ ಹತ್ತು ನಿಮಿ‌ಷ ಆಗಿರುತ್ತದೆ. ರಾತ್ರಿಯೆಲ್ಲ ದುಡಿದ ಸಿಸ್ಟರಿಗೆ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಬೇಕು. ಅವರು ಅರ್ಧ ಗಂಟೆ ಧರ್ಮಕ್ಕೆ ನಿಲ್ಲಬೇಕು ಎಂದು ನಾನು ಹೇಳಲಾರೆ. ನಿಲ್ಲಿಸಿಕೊಂಡರೂ ಅವರು ಗಡಿಯಾರ ನೋಡುತ್ತಾ ಹೇಳುತ್ತಾರೆ. ಬರುವವರ ಪಾಳಿಯನ್ನು ಏಳೂವರೆಗೆ ಶುರು ಮಾಡಿ, ಆ ಅರ್ಧ ಗಂಟೆಯನ್ನು ಡ್ಯೂಟಿ ಎಂದೇ ಲೆಕ್ಕ ಹಿಡಿದು, ವಾರದ ಕೊನೆಗೆ ಬೇರೆ ಪಾಳಿಯಲ್ಲಿ ಹೊಂದಿಸಿಕೊಡುವುದು ಸಾಧ್ಯವಿದೆ. ಅದಕ್ಕೆ ಮೆಡಿಕಲ್ ಸೂಪರಿಂಟೆಂಡೆಂಟರ ಒಪ್ಪಿಗೆ ಬೇಕು, ನಿಜ. ಆದರೆ ಕೇಳುವ ಪತ್ರ ನಿಮ್ಮ ಕಡೆಯಿಂದ ಹೋಗಬೇಕು. ಆ ಅರ್ಧ ಗಂಟೆ ರೋಗಿಗಳ ಕಡೆಯವರ ಕರೆಗೆ ಓಡಲು ಒಬ್ಬ ಗ್ರೂಪ್ ಡಿ ನೌಕರರನ್ನು ನಿಲ್ಲಿಸುವುದು, ಇನ್ವೆಂಟರಿ ಎಣಿಕೆಯನ್ನು ಓವರ್ ಮುಗಿದ ಮೇಲಕ್ಕೆ ತಳ್ಳುವುದು, ಇವೆರಡಕ್ಕೆ ಯಾರ ಒಪ್ಪಿಗೆಯೂ ಬೇಡ. ನಾರ್ಕೋಟಿಕ್ ಕಪಾಟಿನ ಬೀಗದ ಕೈ ಮತ್ತು ಆಂಪೂಲುಗಳ ಲೆಕ್ಕ ಮಾತ್ರ ಹೋಗುವವರ ಎದುರಿಗೇ ಆಗಲಿ. ಥರ್ಮಾಮೀಟರು, ಕತ್ತರಿಗಳನ್ನು ಬಂದವರು ಒಂಬತ್ತಕ್ಕೆ ಎಣಿಸಿಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ.

ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಹಾಕಲು ಈ ವಾರವೋ ಬರುವ ವಾರವೋ ಕೂರುತ್ತೀರಿ. ಮೊದಲು ಒಂದೇ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ ಮಾಡಿ ನೋಡಿ; ನನ್ನನ್ನು ಕೇಳಿದರೆ ರಾತ್ರಿ ಎಂಟರದ್ದನ್ನೇ ಆರಿಸಿಕೊಳ್ಳಿ. ಯಾವುದು ಕೂಡಿಬರಲಿಲ್ಲ ಎಂದು ನಿಮ್ಮ ವಾರ್ಡಿನ ಹುಡುಗಿಯರೇ ಹದಿನೈದು ದಿನದಲ್ಲಿ ಹೇಳುತ್ತಾರೆ. ಅದರಂತೆ ಹಾಳೆ ಬದಲಿಸಿ.

ಇಂತಿ,
ನಿಮ್ಮ ಹಾಗೆಯೇ ಇನ್‌ಚಾರ್ಜ್ ಆಗಿದ್ದು ನಿವೃತ್ತಳಾದ ಒಬ್ಬ ನರ್ಸ್